ಪೈಪಿಗೆ ವೇಷ ಬೇಡ, ಪಾಚಿ ಬರಲಿ

ನಮಸ್ಕಾರ. ನಮ್ಮ ಮಂಗಳೂರು, ಉಡುಪಿ ಕಡೆ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಅಕ್ವೇರಿಯಂ, ಇಟ್ಟವರಿಗೆ ಒಂದು ಮಾತು. ಒಳಗೆ ಕಾಣುವ ಪಿವಿಸಿ ಪೈಪ್ ಮುಚ್ಚಲು ಪ್ಲಾಸ್ಟಿಕ್ ಗಿಡ, ಪ್ಲಾಸ್ಟಿಕ್ ಬಂಡೆ ತರಬೇಡಿ ಮಾರಾಯ್ರೇ. ಆ ಕೆಲಸಕ್ಕೆ ಸಮುದ್ರದ್ದೇ ಒಂದು ಜೀವ ಉಂಟು. ಕೋರಲೈನ್ ಪಾಚಿ.

ಬಾವಿಕಟ್ಟೆಯಲ್ಲಿ ಜಾರುವ ಹಸಿರು ಪಾಚಿ ಅಲ್ಲ ಇದು. ಕೆಂಪು ಪಾಚಿಯ ಕುಲದ್ದು. ನೀರಿನ ಕ್ಯಾಲ್ಸಿಯಂ ಹೀರಿ ಮೈಯನ್ನೇ ಸುಣ್ಣದ ಹಾಗೆ ಗಟ್ಟಿ ಮಾಡಿಕೊಳ್ಳುತ್ತದೆ. ಮೊದಲು ಸಾಸಿವೆ ಕಾಳಿನಷ್ಟು ನೇರಳೆ ಚುಕ್ಕೆ ಬರುತ್ತದೆ. ಚುಕ್ಕೆಯ ಅಂಚು ಮಾತ್ರ ತೆಳು ಬಣ್ಣ, ಅದು ಬೆಳೆಯುತ್ತಿರುವ ಜಾಗ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತಾ ಕೆಲವು ತಿಂಗಳಲ್ಲಿ ಪೈಪ್ ಬಂಡೆಯ ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಆಲ್ಕಲಿನಿಟಿ ಅಂದರೆ ಕ್ಷಾರೀಯತೆ 8ರಿಂದ 11 ಡಿಕೆಎಚ್ (ಅದನ್ನು ಅಳೆಯುವ ಮಾನ) ಇದ್ದು, ದಿನಾ ಏರಿಳಿತ ಆಗದಿದ್ದರೆ ಸಾಕು. ಪರಿಚಯದವರ ಟ್ಯಾಂಕಿನಿಂದ ಒಂದಿಷ್ಟು ಕೆರೆದು ತಂದು ಹರಿವಿನಲ್ಲಿ ಬಿಟ್ಟರೆ ಬೇಗ ಹಿಡಿಯುತ್ತದೆ.

ಪೈಪ್ ಕೊಳ್ಳುವಾಗಲೇ ಬಿಳಿ ಬಿಟ್ಟು ಬೂದು ಬಣ್ಣದ್ದು ಕೇಳಿ. ನೀಲಿ ಲೈಟ್ ಬಿದ್ದರೆ ಬಿಳಿ ಪೈಪ್ ಟ್ಯೂಬ್‌ಲೈಟಿನ ಹಾಗೆ ಕಾಣುತ್ತದೆ.

ಅಷ್ಟು ಕಾಯಲಾಗದವರು ಮರುವಾಯಿಯ ಕಪ್ಪೆಚಿಪ್ಪು ಎಸೆಯಬೇಡಿ. ಕುದಿಸಿ, ತಿಕ್ಕಿ ತೊಳೆದು, ಬಿಸಿಲಲ್ಲಿ ಒಣಗಿಸಿ ಕುಟ್ಟಿ. ಪೈಪಿಗೆ ಸ್ಯಾಂಡ್ ಪೇಪರ್ ಉಜ್ಜಿ, ಅಕ್ವೇರಿಯಂಗೆಂದೇ ಬರುವ ಎಪಾಕ್ಸಿ ಅಂಟಿನಲ್ಲಿ ಆ ಚೂರುಗಳನ್ನು ಅಂಟಿಸಿ. ಒರಟು ಮೈ ಸಿಕ್ಕಿದರೆ ಕೋರಲೈನಿಗೂ ಹಿಡಿತ ಸಿಗುತ್ತದೆ. ಸ್ಪ್ರೇ ಪೇಂಟ್ ನನಗೆ ಇಷ್ಟ ಇಲ್ಲ. ಇವತ್ತಲ್ಲ ನಾಳೆ ಸಿಪ್ಪೆ ಏಳುತ್ತದೆ, ಆ ಸಿಪ್ಪೆ ಹೋಗುವುದು ಮೀನು, ಹವಳ ಇರುವ ನೀರಿಗೇ ಅಲ್ವಾ?

ಸಮುದ್ರದಿಂದ ಹವಳದ ತುಂಡು ತಂದು ಮುಚ್ಚುವ ಯೋಚನೆಯಂತೂ ಬೇಡವೇ ಬೇಡ. ರೀಫ್ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಸತ್ತ ತುಂಡಾದರೂ ಅಷ್ಟೇ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಲಿ.

ಇನ್ನು, ಏನೇ ಅಂಟಿಸಿದರೂ ರಿಟರ್ನ್ ಪೈಪಿನ, ಅಂದರೆ ಪಂಪಿನಿಂದ ಟ್ಯಾಂಕಿಗೆ ನೀರು ಮರಳಿ ತರುವ ಪೈಪಿನ, ಸಣ್ಣ ತೂತನ್ನು ಮುಚ್ಚಬೇಡಿ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರುತ್ತದೆ. ಕರೆಂಟ್ ಹೋದಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಟ್ಯಾಂಕಿನ ಕೆಳಗಿರುವ ಸಂಪ್ ತೊಟ್ಟಿಗೆ ಇಳಿಯುತ್ತದೆ. ಮಟ್ಟ ತೂತಿಗೆ ಬಂದ ಕೂಡಲೇ ಗಾಳಿ ಒಳಗೆ ಹೋಗಿ ನೀರು ನಿಲ್ಲುತ್ತದೆ. ತೂತು ಮುಚ್ಚಿದ್ದರೆ ಸಂಪ್ ತುಂಬಿ ಉಪ್ಪುನೀರೆಲ್ಲ ನೆಲಕ್ಕೆ. ನೀವು ಮುಚ್ಚದಿದ್ದರೂ ಕೋರಲೈನೇ ಬೆಳೆದು ಮುಚ್ಚೀತು, ಆಗಾಗ ಕಡ್ಡಿ ಹಾಕಿ ಬಿಡಿಸಬೇಕು. ಪೈಪ್ ಕಳಚಿ ತೊಳೆಯಲು ಬಿಚ್ಚಿ ಜೋಡಿಸಬಹುದಾದ ಒಂದು ಯೂನಿಯನ್ ಜಾಯಿಂಟ್ ಕೂಡಾ ಹಾಕಿಸಿಕೊಳ್ಳಿ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಹೇಳಲಾಗದು. ಜೂನ್ ಬರುವ ಮೊದಲು ಒಮ್ಮೆ ನೀವೇ ಪಂಪ್ ಆಫ್ ಮಾಡಿ, ನೀರು ಎಲ್ಲಿ ನಿಲ್ಲುತ್ತದೆ ನೋಡಿ.