ಬಣ್ಣ ಹಿಡಿಯುವ ತನಕ

ಆತ್ಮೀಯ ಕೇಳುಗರೇ, ನಮಸ್ಕಾರ.

ಕಾಫಿ ಕುಯ್ಲಿನ ದಿನಗಳಲ್ಲಿ ಕೊಡಗಿನ ಯಾವ ಬೆಳೆಗಾರರೂ ಬಿಡಿಸಿದ ಹಣ್ಣನ್ನು ಎರಡು ದಿನ ಚೀಲದಲ್ಲೇ ಕಟ್ಟಿ ಇಡುವುದಿಲ್ಲ. ಒಳಗೇ ಬಿಸಿಯೇರಿ, ಹುಳಿತು ಕೆಡುತ್ತದೆ. ಮನುಷ್ಯನ ದೇಹದಿಂದ ತೆಗೆದ ಅಂಗಾಂಶದ ಚೂರು ಅದಕ್ಕಿಂತ ಬೇಗ ಕೆಡುತ್ತದೆ. ರಕ್ತ ಸಂಚಾರ ನಿಂತ ಮೇಲೆ ಜೀವಕೋಶದೊಳಗಿನ ಕಿಣ್ವಗಳು ಆ ಕೋಶವನ್ನೇ ಕರಗಿಸತೊಡಗುತ್ತವೆ.

ಮಡಿಕೇರಿಯ ಒಂದು ಪ್ರಯೋಗಾಲಯದಲ್ಲಿ ಇಂಥ ಚೂರುಗಳಿಗೆ ಬಣ್ಣ ಹಾಕುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಕಕ್ಕಡದ ಜಡಿಮಳೆಯಲ್ಲಿ, ತೋಟದಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ಕುತ್ತಿಗೆಯಿಂದ ತೆಗೆದ ಗಂಟು ನಮ್ಮಲ್ಲಿಗೆ ಬಂತು. ದಾರಿಗೆ ಮರ ಬಿದ್ದು ಬಸ್ ಬಂದಿರಲಿಲ್ಲ. ಎರಡು ದಿನ ಅದು ಬರಿಯ ನೀರಿನ ಬಾಟಲಿಯಲ್ಲಿ ನೆನೆದಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಅಂಚೇ ಇಲ್ಲದ ನಸುಗೆಂಪು ಮಬ್ಬು. ಆಕೆಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ.

ಬೇಕಾಗಿದ್ದುದು ಶೇಕಡಾ 10ರ ಫಾರ್ಮಲಿನ್ ದ್ರಾವಣ, ಚೂರಿನ ಗಾತ್ರದ ಸುಮಾರು ಹತ್ತು ಪಟ್ಟು. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಕೋಶಗಳನ್ನು ಇದ್ದಂತೆಯೇ ನಿಲ್ಲಿಸುತ್ತದೆ. ಆಮೇಲೆ ಮದ್ಯಸಾರದಿಂದ ನೀರನ್ನು ತೆಗೆದು, ಜೈಲೀನ್ ದಾಟಿಸಿ, ಕರಗಿದ ಮೇಣದಲ್ಲಿ ಅದ್ದುತ್ತೇವೆ. ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಯಂತ್ರದಲ್ಲಿ 4 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತೇವೆ. ಇಂಥ 250 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್. ವರದಿ ಏಕೆ ತಡ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ: ಈ ಯಾವ ಹಂತವನ್ನೂ ಅವಸರಿಸಲಾಗದು.

ಗಾಜಿಗೆ ಹತ್ತಿದ ಆ ಪದರಕ್ಕೆ ಬಣ್ಣವೇ ಇರುವುದಿಲ್ಲ. ಮೊದಲು ಹಾಕುವ ಹೆಮಟಾಕ್ಸಿಲಿನ್ ಒಂದು ಮರದ ಚೇಗಿನಿಂದ ಬರುತ್ತದೆ. ಮೆಕ್ಸಿಕೋದ ಕಂಪೇಚೆ ಸೀಮೆಯ ಈ ಮರವನ್ನು ಬಟ್ಟೆಗೆ ಬಣ್ಣ ಕಟ್ಟಲು ಸ್ಪೇನಿನವರು ಹಡಗುಗಳಲ್ಲಿ ಯೂರೋಪಿಗೆ ಸಾಗಿಸುತ್ತಿದ್ದರು. ಚೇಗಿನ ರಸ ತಾನಾಗಿ ಅಂಗಾಂಶವನ್ನು ಹಿಡಿಯುವುದಿಲ್ಲ. ಗಾಳಿಗೆ ಮಾಗಬೇಕು ಅಥವಾ ರಾಸಾಯನಿಕದಿಂದ ಮಾಗಿಸಬೇಕು, ಜೊತೆಗೆ ನೀರು ತಿಳಿಗೊಳಿಸುವ ಪಟಿಕ ಬೆರೆಯಬೇಕು. ಆಗ ಅದು ಕೋಶಕೇಂದ್ರಕ್ಕೆ ಅಂಟುತ್ತದೆ. ಮೊದಲು ಕೆಂಪು; ತುಸು ಕ್ಷಾರದ ನೀರಿನಲ್ಲಿ ತೊಳೆದಾಗ ನೀಲಿಯಾಗಿ ತಿರುಗುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಆ ಕ್ಷಣ ಹಳತಾಗಿಲ್ಲ. ಬಳಿಕ ಇಯೋಸಿನ್, ಉಳಿದ ಭಾಗಕ್ಕೆಲ್ಲ ಗುಲಾಬಿ.

ಆರೋಗ್ಯವಂತ ಕರುಳಿನ ಒಳಪದರದಲ್ಲಿ ಈ ನೀಲಿ ಚುಕ್ಕೆಗಳು ಗುಣಿ ಅಳೆದು ನೆಟ್ಟ ಕಾಫಿ ಗಿಡಗಳಂತೆ ಸಾಲು ಹಿಡಿದು ನಿಂತಿರುತ್ತವೆ. ಕ್ಯಾನ್ಸರ್ ಬಂದಾಗ ಸಾಲು ಮುರಿಯುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು, ಕಡುನೀಲಿ, ಬೇಲಿ ಹಾರಿ ಒಳಗೆ ನುಗ್ಗಿದವು.

ಎಲ್ಲವನ್ನೂ ಈ ಎರಡು ಬಣ್ಣಗಳು ಹೇಳಲಾರವು. ಯಕೃತ್ತಿನಲ್ಲಿ ಕಬ್ಬಿಣ ಶೇಖರವಾಗಿದ್ದರೆ ಪರ್ಲ್ಸ್ ವಿಧಾನ ಅದನ್ನು ನೀಲಿಯಾಗಿ ತೋರಿಸುತ್ತದೆ. ಅಮಿಲಾಯ್ಡ್ ಎಂಬ ಪ್ರೋಟೀನಿಗೆ ಕಾಂಗೋ ರೆಡ್ ಇದೆ. ಕ್ಷಯದ ರೋಗಾಣುವಿಗೆ ಮೇಣದಂಥ ಕವಚ; ಸಾಮಾನ್ಯ ಬಣ್ಣ ಒಳಗೆ ಇಳಿಯದು. 1882ರಲ್ಲಿ ರಾಬರ್ಟ್ ಕಾಕ್ ಅದನ್ನು ಕಂಡುಹಿಡಿದ ಬೆನ್ನಿಗೇ ಜೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಜರ್ಮನ್ ವೈದ್ಯರು ರೂಪಿಸಿದ ವಿಧಾನ ಈಗಲೂ ನಮ್ಮ ಮೇಜಿನ ಮೇಲಿದೆ. ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಆವಿಯೇಳುವಂತೆ ಕಾಯಿಸಿ ಒಳಗಿಳಿಸುತ್ತೇವೆ. ಮತ್ತೆ ಆಮ್ಲದಿಂದ ತೊಳೆದರೆ ಉಳಿದುದೆಲ್ಲ ಬಣ್ಣ ಬಿಡುತ್ತದೆ, ಈ ರೋಗಾಣು ಬಿಡುವುದಿಲ್ಲ. ಹಿನ್ನೆಲೆಗೆ ಮೆಥಿಲೀನ್ ನೀಲಿ.

ಆ ಹೆಣ್ಣುಮಗಳ ಎರಡನೆಯ ಗಂಟು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಬಂತು. ಈ ಸಲ ಪ್ರತಿ ಕೋಶದ ಅಂಚೂ ಸ್ಪಷ್ಟ. ಕ್ಷಯದ ಸುಳಿವು ಕೊಡುವ, ಗ್ರಾನ್ಯುಲೋಮಾ ಎಂಬ ಕೋಶಗಳ ಗುಂಪುಗಳನ್ನು ಕಂಡ ವೈದ್ಯರು ಜೀಲ್-ನೀಲ್ಸನ್ ಹಾಕಲು ಹೇಳಿದರು. ಬಹಳ ಹೊತ್ತು ಹುಡುಕಿದ ಮೇಲೆ, ನೀಲಿಯ ನಡುವೆ ತುಸು ಬಾಗಿದ ಮೂರು ಕೆಂಪು ಕಡ್ಡಿಗಳು ಸಿಕ್ಕವು. ಅದೇ ವಾರ ಆಕೆಗೆ ಸರ್ಕಾರದ ಉಚಿತ ಮಾತ್ರೆಗಳು ಆರಂಭವಾದವು.