ಚೆಕ್‌ಪೋಸ್ಟಿನ ಗಾರ್ಡ್

ಕೇಳುಗರಿಗೆ ನಮಸ್ಕಾರ.

ಇವತ್ತು ಥ್ರಿಲ್ಲರ್ ಕಥೆಗಳ ಬಗ್ಗೆ ಮಾತಾಡೋಣ. ಅದರಲ್ಲೂ, ಒಳ್ಳೆಯವನೋ ಕೆಟ್ಟವನೋ ಅಂತ ಹೇಳೋಕೆ ಬಾರದ ನಾಯಕ ಇರುವ ಕಥೆಗಳು. ಓದೋಕೆ ಕೂತರೆ ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಬಾರದು, ಅಂಥವು.

ಥ್ರಿಲ್ಲರ್ ಅಂದ ಕೂಡಲೇ ಬೆಂಗಳೂರು, ಪಿಸ್ತೂಲು, ಕಾರುಗಳ ಓಟ ನೆನಪಾಗುತ್ತದೆ. ನಮ್ಮ ಕಡೆ ಕಾರು ಓಡಿಸಿ ಯಾರನ್ನೂ ಹೆದರಿಸೋಕೆ ಆಗೋದಿಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಎದುರಿಗೆ ಬಸ್ಸು ಬಂದರೆ ಕಳ್ಳನೂ ನಿಲ್ಲಬೇಕು, ಪೊಲೀಸೂ ನಿಲ್ಲಬೇಕು. ಆದರೆ ವೇಗ ಗಾಡಿಯದ್ದೇ ಆಗಬೇಕಾ? ನಾಯಕನಿಗೆ ಯೋಚನೆ ಮಾಡೋಕೆ ಪುರುಸೊತ್ತು ಕೊಡದಿದ್ದರೆ ಸಾಕು, ಕಥೆ ತಾನಾಗಿ ಓಡುತ್ತದೆ. ಆ ಕೆಲಸಕ್ಕೆ ನಮ್ಮ ಮಳೆ ಇದೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಸುರಿಯುತ್ತದೆ.

ಸುಮ್ನೆ ಒಂದು ಕಥೆ ಕಟ್ಟಿ ನೋಡೋಣ. ಆಷಾಢದ ರಾತ್ರಿ. ತೀರ್ಥಹಳ್ಳಿ ಕಡೆಯ ಒಂದು ಅರಣ್ಯ ಚೆಕ್‌ಪೋಸ್ಟ್. ಕರೆಂಟಿಲ್ಲ, ಸಿಗ್ನಲ್ಲಿಲ್ಲ. ಗಾರ್ಡ್ ಗೇಟು ಹಾಕಿಕೊಂಡು ಕೂತಿದ್ದಾನೆ. ಹೋದ ತಿಂಗಳು ಒಂದು ಪಿಕಪ್ಪನ್ನು ದುಡ್ಡು ತಗೊಂಡು ಬಿಟ್ಟಿದ್ದ. ಇವತ್ತು ಅದೇ ಪಿಕಪ್, ಅದೇ ಡ್ರೈವರ್. ಮೇಲೆ ಅಡಿಕೆ ಮೂಟೆ, ಒಂದು ಮೂಟೆಯೊಳಗೆ ಶ್ರೀಗಂಧದ ಚೇಗು, ಅಂದರೆ ಮರದ ಗಟ್ಟಿ ತಿರುಳು. ಹಿಂದೆ ಧರೆ ಕುಸಿದಿದೆ, ಗಾಡಿ ವಾಪಸ್ ಹೋಗೋ ಹಾಗಿಲ್ಲ. ಮುಂದೆ, ಗೇಟಿನ ಹತ್ತಿರ, ಹೊಸದಾಗಿ ಬಂದ ಫಾರೆಸ್ಟರ್ ಮೇಡಂ ಟಾರ್ಚ್ ಹಿಡಿದು ನಿಂತಿದ್ದಾರೆ.

ಇಲ್ಲಿ ಬಹಳ ಜನ ಬರೆಯುವವರು ಒಂದು ಕೆಲಸ ಮಾಡುತ್ತಾರೆ. ಗಾರ್ಡ್ ದುಡ್ಡು ತಗೊಂಡಿದ್ದು ಅಮ್ಮನ ಆಪರೇಷನ್ನಿಗೆ ಅಂದುಬಿಡುತ್ತಾರೆ. ನನಗೆ ಇದು ಸ್ವಲ್ಪವೂ ಹಿಡಿಸೋದಿಲ್ಲ. ಅಮ್ಮನ ಹೆಸರು ಹೇಳಿ ಅವನನ್ನು ತೊಳೆದಿಟ್ಟರೆ ಆಮೇಲೆ ಏನು ಉಳಿಯಿತು? ಅದಕ್ಕಿಂತ, ಅವನ ಸಿಟ್ಟಿಗೆ ಒಂದು ಹಳೇ ಬೇರು ಇರಲಿ. 2001ರ ಕಾಯ್ದೆ ತಿದ್ದುಪಡಿಗೆ ಮುಂಚೆ ನಮ್ಮ ಹಿತ್ತಲಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಈಗ ಮರ ಜಮೀನಿನವರದ್ದು, ಆದರೂ ಕಡಿಯೋಕೆ, ಸಾಗಿಸೋಕೆ ಇಲಾಖೆಯ ಅನುಮತಿ ಬೇಕೇ ಬೇಕು. ತನ್ನ ಅಜ್ಜ ಸ್ವಂತ ಹಿತ್ತಲಿನ ಮರವನ್ನೇ ಮುಟ್ಟೋಕೆ ಹೆದರುತ್ತಿದ್ದುದನ್ನು ಈ ಗಾರ್ಡ್ ನೋಡಿದ್ದಾನೆ. ಅಷ್ಟಕ್ಕೆ ಅವನ ಲಂಚ ಸರಿ ಆಗೋದಿಲ್ಲ ಬಿಡಿ. ಆದರೆ ಅವನ ತಲೆಯೊಳಗೆ ಏನು ಓಡುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ.

ಮೇಡಂ ಕೇಳುತ್ತಾರೆ, "ಈ ಮಳೇಲಿ ಅಡಿಕೆ ಯಾಕ್ರೀ ಸಾಗಿಸ್ತಿದೀರಾ? ಬೂಸ್ಟು ಹಿಡಿಯಲ್ವಾ?"

"ಅರ್ಜೆಂಟ್ ದುಡ್ಡು ಬೇಕಿತ್ತು ಮೇಡಂ. ರಾಶಿ ಇಡಿ ಅನ್ನೋ ಜಾತಿ ಅಡಿಕೆ. ಶಿವಮೊಗ್ಗ ಮಂಡಿಗೆ" ಅಂತಾನೆ ಡ್ರೈವರ್. ಹೇಳುತ್ತಾ ಗಾರ್ಡ್ ಮುಖ ನೋಡುತ್ತಾನೆ.

ಮೇಡಂ ಸಲಾಕೆ ಕೇಳುತ್ತಾರೆ. ಗಾರ್ಡೇ ತಂದುಕೊಡುತ್ತಾನೆ. ಮೊದಲನೇ ಮೂಟೆಗೆ ಚುಚ್ಚಿದರೆ ಸಲಾಕೆ ಗರಗರ ಅಂತ ಒಳಗಿಳಿಯುತ್ತದೆ. ಅದು ಅಡಿಕೆಯ ಸದ್ದು. ಎರಡನೆಯದೂ ಹಾಗೇ. ಚೇಗು ತಗುಲಿದರೆ ಟಕ್ ಅಂತ ನಿಲ್ಲುತ್ತದೆ. ತಾಡಪಾಲಿನ ಕೆಳಗೆ ಅಡಿಕೆ ಬೇಯಿಸಿದ ಚೊಗರಿನ ವಾಸನೆ ಗಟ್ಟಿಯಾಗಿದೆ, ಗಂಧದ ವಾಸನೆ ಬರುತ್ತಿದೆಯೋ ಇಲ್ಲವೋ ತಿಳಿಯದು. ಮೂರನೇ ಮೂಟೆಯ ಮೇಲೆ ಡ್ರೈವರ್ ಕೈ ಊರಿದ್ದಾನೆ.

ಕೇಳುಗರೇ, ಈಗ ನೀವು ಯಾರ ಕಡೆ? ಮಳೆಯಲ್ಲಿ ನೆನೆಯುತ್ತಾ ತನ್ನ ಕೆಲಸ ನೆಟ್ಟಗೆ ಮಾಡುತ್ತಿರುವವರು ಮೇಡಂ. ನಾವು ಉಸಿರು ಬಿಗಿ ಹಿಡಿದಿರೋದು ಮಾತ್ರ ಗಾರ್ಡಿಗೋಸ್ಕರ. ಅವನ ಕಳ್ಳತನ ನಮಗೆ ಮೊದಲೇ ಗೊತ್ತು, ಅದಕ್ಕೇ ನಾವೂ ಅದರಲ್ಲಿ ಪಾಲುದಾರರಾಗಿಬಿಟ್ಟಿದ್ದೇವೆ. ಇಂಥ ಕಥೆಗಳ ತಾಕತ್ತೆಲ್ಲ ಇಲ್ಲೇ ಇರೋದು ಅಂತ ನನ್ನ ಅಭಿಪ್ರಾಯ. ಕೊಲೆ, ಗುಂಡು ಎಲ್ಲಾ ಆಮೇಲಿನ ಮಾತು.

ಇನ್ನು ಮುಕ್ತಾಯ. ಗಾರ್ಡ್ ಕಣ್ಣೀರು ಹಾಕಿ ತಪ್ಪೊಪ್ಪಿಕೊಳ್ಳೋದು ಬೇಡ. ನಾನಾದರೆ ಹೀಗೆ ಬರೆಯುತ್ತೇನೆ: ಗಾರ್ಡ್ ಮೇಡಂ ಕೈಯಿಂದ ಸಲಾಕೆ ತಗೊಂಡು, ಡ್ರೈವರ್ ಕೈ ಸರಿಸಿ, ಮೂರನೇ ಮೂಟೆಗೆ ತಾನೇ ಚುಚ್ಚುತ್ತಾನೆ. ಟಕ್.

ಮಾಲು ಸಿಕ್ಕಿತು, ಡ್ರೈವರ್ ಒಳಗೆ, ಗಾರ್ಡಿಗೆ ಇಲಾಖೆಯಿಂದ ಶಹಬ್ಬಾಸ್. ಇಷ್ಟಕ್ಕೆ ಮೊದಲನೇ ಅಧ್ಯಾಯ ಮುಗಿಯಿತು. ಬೆಳಗಾದರೆ ಡ್ರೈವರನ್ನು ವಿಚಾರಣೆಗೆ ಕೂರಿಸುತ್ತಾರೆ, ಹೋದ ತಿಂಗಳ ಲೆಕ್ಕ ಅವನ ನಾಲಿಗೆ ತುದಿಯಲ್ಲೇ ಇದೆ. ಎರಡನೇ ಅಧ್ಯಾಯ ಅಲ್ಲಿಂದ ಶುರು.

ನಮಸ್ಕಾರ.