ಪ್ಯಾಚ್ ಕಳಿಸಿದವರಿಗೆ ಸಲ್ಲಬೇಕಾದ ‘ರಿ’

[ದೃಶ್ಯ: ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶ, ಒಂದು ಬಟ್ಟೆ ಅಂಗಡಿ]

ನಿರೂಪಣೆ: ನಮಸ್ಕಾರ. ಕಲಬುರಗಿಯಲ್ಲಿ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ‘ಬರ್ರಿ, ಕೂಡ್ರಿ’ ಎಂಬ ಮಾತು ಎದುರಾಗುತ್ತದೆ. ಗುರುತಿಲ್ಲದವರಿಗೂ ಸಲ್ಲುವ ಆ ಮರ್ಯಾದೆ ಕ್ರಿಯಾಪದದ ತುದಿಯ ‘ರಿ’ಯಲ್ಲಿದೆ. ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದರಿಂದ, ನಮ್ಮ ಹುಡುಗ ಹುಡುಗಿಯರು ಅಲ್ಲಿ ಕಾಲಿಟ್ಟ ಕೂಡಲೇ ಈ ‘ರಿ’ ಕಳಚಿ ಬೀಳುತ್ತದೆ.

ಕೋಡಿನಲ್ಲಿ ಮಾಡಿದ ಬದಲಾವಣೆಯ ಟಿಪ್ಪಣಿಯನ್ನು ‘ಫಿಕ್ಸ್’, ‘ರಿಮೂವ್’ ಎಂದು ಕೋಡಿಗೇ ಆಜ್ಞೆ ಕೊಟ್ಟಂತೆ ಬರೆಯಬೇಕೆಂಬುದು ಅಂಥ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶವಾದ ಗಿಟ್ ಯೋಜನೆಯದೇ ರೂಢಿ. ಆಜ್ಞೆ ಕೋಡಿಗೆ ಇರುವವರೆಗೆ ತಕರಾರಿಲ್ಲ. ಅದೇ ದನಿ ಕೋಡ್ ಬರೆದವರ ಕಡೆಗೆ ತಿರುಗಿದಾಗ ಏನಾಗುತ್ತದೆ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ.

[ಪರದೆಯ ಮೇಲೆ: ಸ್ತ್ರೀ = ಸ + ್ + ತ + ್ + ರ + ೀ]

ಗೆಳೆಯರೊಂದಿಗೆ ನಾನು ನೋಡಿಕೊಳ್ಳುವ ಸಣ್ಣ ಕನ್ನಡ ತಂತ್ರಾಂಶವೊಂದು ಸಾಲಿನ ಕೊನೆಯಲ್ಲಿ ಪದಗಳನ್ನು ಎಲ್ಲೆಂದರಲ್ಲಿ ತುಂಡರಿಸುತ್ತಿತ್ತು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರ್ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ 6 ಸಂಕೇತಗಳ ಸಾಲು. ನಮ್ಮ ಕೋಡ್ ಸಂಕೇತಗಳನ್ನೇ ಅಕ್ಷರಗಳೆಂದು ಎಣಿಸುತ್ತಿತ್ತು. ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಇದನ್ನು ಕಂಡುಹಿಡಿದು, ತಿದ್ದಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದ. ತಿದ್ದಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡಿಗೆ ಟೆಸ್ಟ್ ಎನ್ನುತ್ತಾರೆ. ‘ಟೆಸ್ಟ್ ಇಲ್ಲ, ಮತ್ತೆ ಮಾಡು’ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬರೆದು ನಾನು ಊಟಕ್ಕೆ ಹೋದೆ. ಅವನು ಮತ್ತೆ ಬರಲಿಲ್ಲ. ಎದುರಿಗೆ ಕೂತಿದ್ದರೆ ಮೊದಲು ನೀರು ಕೊಟ್ಟು, ಆಮೇಲೆ ಟೆಸ್ಟಿನ ಮಾತೆತ್ತುತ್ತಿದ್ದೆ.

ಒರಟುತನವಿಲ್ಲದೆ ಗುಣಮಟ್ಟ ಉಳಿಯುವುದಿಲ್ಲ ಎಂದು ವಾದಿಸುವವರು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಅನ್ನು ಉದಾಹರಿಸುವುದುಂಟು. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ ತಮ್ಮ ಪತ್ರಗಳಲ್ಲಿನ ವೈಯಕ್ತಿಕ ದಾಳಿಗಳಿಗಾಗಿ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು; ಅದೇ ತಿಂಗಳು ಆ ಯೋಜನೆ ಹೊಸ ನಡಾವಳಿ ಸಂಹಿತೆಯನ್ನು ಅಂಗೀಕರಿಸಿತು.

[ದೃಶ್ಯ: ಕತ್ತಲ ಕೋಣೆ, ಒಂದು ಟರ್ಮಿನಲ್ ಕಿಟಕಿ]

ಬಳಸುವವರ ಒರಟುತನ ಇನ್ನೂ ಅಪಾಯಕಾರಿ. ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಕೆಯಾಗುವ ‘ಎಕ್ಸ್‌ಝಡ್ ಯುಟಿಲ್ಸ್’ ಅನ್ನು ವರ್ಷಗಳ ಕಾಲ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಖಾತೆಗಳು ಕೆಲಸ ನಿಧಾನವಾಯಿತೆಂದು ಅವರನ್ನು ಪದೇ ಪದೇ ಚುಚ್ಚಿ, ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡುವಂತೆ ಒತ್ತಾಯಿಸಿದವು. ದಣಿದಿದ್ದ ಅವರು ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ತಾಳ್ಮೆಯಿಂದ ಸಹಾಯ ಮಾಡುತ್ತಿದ್ದವರಿಗೆ ಅಧಿಕಾರ ಹಂಚಿದರು. ಆ ವ್ಯಕ್ತಿಯೇ 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಇತರರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗುವ ಕಳ್ಳಬಾಗಿಲನ್ನು ಇಟ್ಟದ್ದು. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರು ಅದೇ ವರ್ಷ ಮಾರ್ಚ್ 29ರಂದು ಈ ಗುಟ್ಟನ್ನು ಬಯಲಿಗೆಳೆದರು.

ಬೈದವರೂ ಸಂಚಿನವರೇ ಎಂಬ ಅನುಮಾನವಿದೆ. ನಯವಾಗಿ ಮಾತನಾಡಿದವರಂತೂ ಸಂಚುಗಾರರೇ. ಹಾಗಾದರೆ ಸೌಜನ್ಯವನ್ನು ನಂಬುವುದು ಹೇಗೆ ಎಂದು ನೀವು ಕೇಳಬಹುದು. ನನಗನ್ನಿಸುವುದು ಇಷ್ಟು: ಮರ್ಯಾದೆ ಮನುಷ್ಯರಿಗೆ ಸಲ್ಲಬೇಕು, ಪರೀಕ್ಷೆ ಕೋಡಿಗೆ ನಡೆಯಬೇಕು, ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದನ್ನು ಬಿಡಬೇಕಿಲ್ಲ. ಆ ಪರೀಕ್ಷೆಗೆ ಎರಡನೆಯ ಜೋಡಿ ಕಣ್ಣು ಬೇಕು. ಬಂದವರನ್ನೆಲ್ಲ ಗದರಿಸಿ ಕಳಿಸಿದ ಯೋಜನೆಯಲ್ಲಿ ಆ ಕಣ್ಣುಗಳು ಎಲ್ಲಿಂದ ಬರಬೇಕು?

[ಪರದೆಯ ಮೇಲೆ: ಹಳೆಯ ಪ್ಯಾಚ್]

ಕಳೆದ ತಿಂಗಳು ಆ ವಿದ್ಯಾರ್ಥಿಯ ಪ್ಯಾಚನ್ನು ಮತ್ತೆ ತೆರೆದು, ಟೆಸ್ಟನ್ನು ನಾನೇ ಬರೆದು, ಲೇಖಕನ ಜಾಗದಲ್ಲಿ ಅವನ ಹೆಸರನ್ನೇ ಉಳಿಸಿ ಸೇರಿಸಿಕೊಂಡೆ. ಏನು ತಿದ್ದಿದೆ, ಏಕೆ ತಿದ್ದಿದೆ ಎಂದು ವಿವರಿಸಿ, ತಡವಾದದ್ದಕ್ಕೆ ಕ್ಷಮೆ ಕೇಳಿ, ಕನ್ನಡದಲ್ಲಿಯೇ ಒಂದು ಪತ್ರ ಬರೆದೆ. ಕೊನೆಯ ಸಾಲು ‘ಮತ್ತ ಬರ್ರಿ’ ಎಂದಿತ್ತು. ಉತ್ತರ ಇನ್ನೂ ಬಂದಿಲ್ಲ.